ಪುಡಿ ಮೈಲುತುತ್ತ: ಪೊಟ್ಟಣ ಬಿಚ್ಚಿದ ಕೂಡಲೇ ಕಣ್ಣು, ಮೂಗು ಉರಿ. ದ್ರಾವಣವೂ ಸರಿ ಬರುತ್ತಿಲ್ಲ

ತೋಟದಮನೆ, ಹೊಸನಗರ:

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಕಾಯಿ ಕೊಳೆಯುವ ಕೊಳೆ ರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯಲು ಪ್ರತಿ ವರ್ಷ ಹರಳು ಮೈಲುತುತ್ತ (ತಾಮ್ರದ ನೀಲಿ ಉಪ್ಪು) ತರುತ್ತಿದ್ದೆವು. ಈ ಸಲ ಪೇಟೆಯಲ್ಲಿ ಹರಳು ಸಿಗಲಿಲ್ಲ. ಪುಡಿ ಇತ್ತು, ಬೇಗ ಕರಗುತ್ತದಲ್ವಾ ಅಂತ ಅದನ್ನೇ ತಂದೆ.

ಮೊನ್ನೆ ಮಳೆ ಸ್ವಲ್ಪ ಹೊಳವಾದಾಗ ಶುರು ಮಾಡಿದೆವು. ಪೊಟ್ಟಣ ಕತ್ತರಿಸಿ ಬಕೆಟ್ಟಿಗೆ ಸುರಿದ ಕೂಡಲೇ ತೆಳು ನೀಲಿ ಧೂಳು ಎದ್ದಿತು. ಬೆಳಕಿಗೆ ಎದುರು ನಿಂತರೆ ಮಾತ್ರ ಕಾಣುವಷ್ಟು. ಆದರೂ ನನಗೆ ಸೀನು ನಿಲ್ಲಲಿಲ್ಲ. ಬಾಯೆಲ್ಲ ತಾಮ್ರದ ಚೊಂಬು ನೆಕ್ಕಿದ ಹಾಗಾಯಿತು. ಕೆಲಸಕ್ಕೆ ಬರುವ ಅಣ್ಣನ ಬಲಗಣ್ಣಿಗೆ ಬಿತ್ತು. ಅವರು ಟವೆಲ್ಲಿನಲ್ಲಿ ಉಜ್ಜಿಕೊಂಡು ಕೆಲಸ ಮುಂದುವರಿಸಿದರು.

ಇನ್ನೊಂದು ತೊಂದರೆ. ದ್ರಾವಣ ಆಕಾಶದ ನೀಲಿ ಬರಲಿಲ್ಲ, ಹಸಿರು ಹಸಿರಾಗಿತ್ತು. ಬೇಗ ತಳ ಕಟ್ಟಿತು. ನಾಝಲ್ ಎರಡು ಸಲ ಕಟ್ಟಿಕೊಂಡಿತು. ಒಂದು ಸಾಲು ಹೊಡೆದು ನಿಲ್ಲಿಸಿದೆವು. ಈಗ ನೋಡಿದರೆ ಆ ಸಾಲಿನ ಎಳೆ ಕಾಯಿಗಳು ಅಲ್ಲಲ್ಲಿ ಸುಟ್ಟ ಹಾಗೆ ಕಂದಿವೆ. ಅಳತೆ ಯಾವಾಗಿನದ್ದೇ: 100 ಲೀಟರಿಗೆ 1 ಕೆಜಿ ತುತ್ತ, 1 ಕೆಜಿ ಸುಣ್ಣ. ಪುಡಿ ಹರಳಿಗಿಂತ ಬಿಳಿಚಿಕೊಂಡಿದೆ. ಕಲಬೆರಕೆ ಇರಬಹುದಾ?

ಲ್ಯಾಬ್ ಮೇಷ್ಟ್ರು, ಶಿವಮೊಗ್ಗ:

ದ್ರಾವಣದ ಮಾತು ಆಮೇಲೆ. ಆ ಅಣ್ಣನ ಕಣ್ಣು ಈಗ ಹೇಗಿದೆ? ನೀರು ಹಾಕಿ ತೊಳೆದಿರಾ?

ತೋಟದಮನೆ:

ಸಂಜೆ ಮನೆಗೆ ಹೋದ ಮೇಲೆ ಒಂದು ಚೊಂಬು ನೀರು ಹಾಕಿಕೊಂಡರಂತೆ. ಇವತ್ತೂ ಕೆಂಪಾಗಿಯೇ ಇದೆ, ನೀರು ಸುರಿಯುತ್ತಿದೆ. ಸ್ವಲ್ಪ ಮಸುಕು ಅಂತಾರೆ.

ಲ್ಯಾಬ್ ಮೇಷ್ಟ್ರು:

ಹಾಗಾದರೆ ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಎದೆಹಾಲು, ಹರಳೆಣ್ಣೆ ಬಿಡಲು ಹೋಗಬೇಡಿ. ಮಸುಕು ಅಂದರೆ ಕಾಯುವ ವಿಷಯವೇ ಅಲ್ಲ. ಹೋಗಿ ಬಂದು ಬರೆಯಿರಿ.

ತೋಟದಮನೆ:

ಹೋಗಿ ಬಂದೆವು. ಕಪ್ಪುಗುಡ್ಡೆಯ ಮೇಲೆ ಸಣ್ಣ ಗಾಯ ಆಗಿದೆಯಂತೆ. ತೊಳೆದು ಡ್ರಾಪ್ಸ್ ಕೊಟ್ಟಿದ್ದಾರೆ, ವಾರ ಬಿಟ್ಟು ಮತ್ತೆ ಬರಬೇಕು. ಉಜ್ಜಿದ್ದರಿಂದ ಜಾಸ್ತಿ ಆಯಿತು ಅಂದರು. ಮೇಷ್ಟ್ರೇ, ನೀವು ಕೇಳದಿದ್ದರೆ ನಾನು ಇನ್ನೂ ನಾಝಲ್ ಬಿಚ್ಚುತ್ತಾ ಕೂತಿರುತ್ತಿದ್ದೆ.

ಲ್ಯಾಬ್ ಮೇಷ್ಟ್ರು:

ಸದ್ಯ, ತೋರಿಸಿದಿರಲ್ಲ. ಈಗ ಪುಡಿಯ ವಿಷಯ.

ನಾನು 22 ವರ್ಷ ಹೈಸ್ಕೂಲು ಲ್ಯಾಬ್ ನೋಡಿಕೊಂಡವನು. ಅಲ್ಲಿ ಬಾಟಲಿಯಲ್ಲಿ ಕಾಪರ್ ಸಲ್ಫೇಟ್ ಅಂತ ಇರುವುದೂ ನಿಮ್ಮ ಮೈಲುತುತ್ತವೂ ಒಂದೇ ವಸ್ತು. ಲ್ಯಾಬಿನಲ್ಲಿ 5 ಗ್ರಾಂ ತೂಗುವುದಕ್ಕೆ ಮಕ್ಕಳಿಗೆ ಕನ್ನಡಕ ಹಾಕಿಸುತ್ತೇವೆ. ತೋಟದಲ್ಲಿ ಕೆಜಿಗಟ್ಟಲೆ ಬರಿಗೈಯಲ್ಲಿ ಸುರಿಯುತ್ತೇವೆ. ಇದು ನನಗೆ ಯಾವಾಗಲೂ ಸಂಕಟದ ವಿಷಯ.

ಹರಳಿದ್ದಾಗ ನಿಮಗೆ ಈ ತೊಂದರೆ ಆಗಿರಲಿಲ್ಲ. ಯಾಕೆಂದರೆ ಹರಳು ಹಾರುವುದಿಲ್ಲ. ಅದನ್ನೇ ಪುಡಿ ಮಾಡಿದರೆ ಗಾಳಿಯಲ್ಲಿ ತೇಲುತ್ತದೆ. ಕಣ್ಣು, ಮೂಗು, ಗಂಟಲಿನ ಪಸೆ ಸಿಕ್ಕ ಕೂಡಲೇ ಅಲ್ಲೇ ಕರಗುತ್ತದೆ. ಕರಗಿದ ತುತ್ತಕ್ಕೆ ಹುಳಿ ಗುಣ ಇದೆ, ಅದಕ್ಕೇ ಆ ಉರಿ. ಬಾಯಿಗೆ ತಾಮ್ರದ ರುಚಿ ಬಂತು ಅಂದರೆ ಧೂಳು ಒಳಗೆ ಹೋಗಿದೆ ಅಂತಲೇ ಅರ್ಥ. ಪೋರ್ಚುಗಲ್‌ನಲ್ಲಿ ದ್ರಾಕ್ಷಿ ತೋಟಕ್ಕೆ ವರ್ಷಗಟ್ಟಲೆ ಬೋರ್ಡೋ, ಅಂದರೆ ಇದೇ ತುತ್ತ-ಸುಣ್ಣದ ದ್ರಾವಣ, ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ಕೂತು ಕಾಯಿಲೆ ಆಗಿದ್ದನ್ನು ಅಲ್ಲಿನ ವೈದ್ಯರು 1969ರಲ್ಲೇ ಬರೆದಿದ್ದಾರೆ. ಅದು ಸಿಂಪಡಿಸುವಾಗ ಒಳಗೆ ಹೋದದ್ದು. ಹಾಗಾಗಿ ಮೂಗಿಗೆ ಟವೆಲ್ ಸುತ್ತಿದರೆ ಸಾಲದು. ಎನ್-95 ಮಾಸ್ಕ್, ಪಕ್ಕದಿಂದಲೂ ಮುಚ್ಚುವ ಕನ್ನಡಕ, ರಬ್ಬರ್ ಗ್ಲೌಸ್ ತನ್ನಿ. ಕಲಸುವವರಿಗೂ ಬೇಕು, ಮರ ಹತ್ತುವ ಕೊನೆಗೌಡರಿಗೂ ಬೇಕು.

ಆದರೆ ಮಾಸ್ಕಿಗಿಂತ ಒಳ್ಳೆಯದು ಧೂಳೇ ಏಳದ ಹಾಗೆ ಮಾಡುವುದು. ನಮ್ಮ ಅಜ್ಜನ ಕಾಲದ ಕ್ರಮ ಇದೆ, ಅದನ್ನೇ ಮಾಡಿ. ಒಂದು ದಪ್ಪ ಬಟ್ಟೆ ಚೀಲ ತೆಗೆದುಕೊಳ್ಳಿ. ಪೊಟ್ಟಣದ ಮೂಲೆ ಕತ್ತರಿಸಿ, ಕತ್ತರಿಸಿದ ಬಾಯಿಯನ್ನು ಚೀಲದೊಳಗೆ ತೂರಿಸಿ. ಚೀಲದ ಬಾಯಿಯನ್ನು ಪೊಟ್ಟಣದ ಸುತ್ತ ಕೈಯಲ್ಲಿ ಬಿಗಿ ಹಿಡಿದು ಆಮೇಲೆ ನಿಧಾನಕ್ಕೆ ಬೋರಲು ಮಾಡಿ. ಒಂದು ನಿಮಿಷ ಹಾಗೇ ಬಿಡಿ, ಧೂಳು ಒಳಗೇ ಕೂರಲಿ. ಚೀಲ ಕಟ್ಟಿ ರಾತ್ರಿ ಡ್ರಮ್ಮಿನ ಬಾಯಿಗೆ ಒಂದು ಕೋಲು ಅಡ್ಡ ಇಟ್ಟು, ನೀರಿನ ಮೇಲ್ಭಾಗದಲ್ಲಿ ಮುಳುಗುವಷ್ಟು ಇಳಿಬಿಡಿ. ಕರಗಿದ ನೀರು ಭಾರ, ನೀಲಿ ನೂಲಿನ ಹಾಗೆ ತಾನೇ ತಳಕ್ಕೆ ಇಳಿಯುತ್ತದೆ. ಹೊಸ ನೀರು ಚೀಲಕ್ಕೆ ಬರುತ್ತದೆ. ಬೆಳಿಗ್ಗೆ ಚೀಲ ಖಾಲಿ. ಚೀಲವನ್ನು ತಳಕ್ಕೆ ಬಿಟ್ಟರೆ ತುತ್ತ ಅಲ್ಲೇ ಗಟ್ಟಿ ಕಟ್ಟಿ ಕೂರುತ್ತದೆ, ಆದ್ದರಿಂದ ಚೀಲ ಮೇಲೇ ಇರಬೇಕು.

ಈಗ ಮೂರು ಪ್ರಶ್ನೆ. ಬಕೆಟ್ ಯಾವುದರದ್ದು? ಸುಣ್ಣ ಯಾವಾಗ ತಂದದ್ದು? ಎರಡನ್ನೂ ಹೇಗೆ ಬೆರೆಸಿದಿರಿ?

ತೋಟದಮನೆ:

ಬಕೆಟ್ ತಗಡಿನದ್ದು. ಒಳಗೆ ಕೆಂಪಗೆ ತುಕ್ಕು ಹಿಡಿದ ಹಾಗಾಗಿದೆ. ಸುಣ್ಣ ಹೋದ ವರ್ಷದ್ದು, ಚೀಲದ ಬಾಯಿ ಬಿಚ್ಚಿತ್ತು. ಒಂದೊಂದು ಬಕೆಟ್ ನೀರಲ್ಲಿ ಎರಡನ್ನೂ ಬೇರೆ ಬೇರೆ ಗಟ್ಟಿಯಾಗಿ ಕಲಸಿ, ಒಟ್ಟಿಗೆ ಡ್ರಮ್ಮಿಗೆ ಹಾಕಿ, ಆಮೇಲೆ ನೀರು ತುಂಬಿಸಿದೆವು.

ಲ್ಯಾಬ್ ಮೇಷ್ಟ್ರು:

ಅಲ್ಲಿಗೆ ಮುಗಿಯಿತು, ಪುಡಿಯ ಮೇಲೆ ನನಗೆ ಅನುಮಾನ ಇಲ್ಲ. ಬಕೆಟ್ಟಿನ ಕೆಂಪನ್ನು ಉಗುರಲ್ಲಿ ಕೆರೆಯಬೇಡಿ, ಕಲ್ಲಿನಿಂದ ಸ್ವಲ್ಪ ಉಜ್ಜಿ ನೋಡಿ. ಹೊಳೆದರೆ ಅದು ತುಕ್ಕಲ್ಲ, ತಾಮ್ರ. ತಗಡು ಕರಗಿ ತುತ್ತದ ತಾಮ್ರ ಅದರ ಮೇಲೆ ಕೂರುತ್ತದೆ. ಕಾಯಿಗೆ ಹೋಗಬೇಕಾದ್ದು ಬಕೆಟ್ಟಿಗೆ ಹೋಯಿತು. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ, ಕಲಕಲು ಮರದ ಕೋಲು. ಕಬ್ಬಿಣ ಬೇಡವೇ ಬೇಡ.

ಬಾಯಿ ಬಿಚ್ಚಿಟ್ಟ ಸುಣ್ಣ ಗಾಳಿ ಹೀರಿ ಸೀಮೆಸುಣ್ಣ ಆಗಿಬಿಡುತ್ತದೆ. ಒಂದು ಚಿಟಿಕೆಗೆ ನಿಂಬೆ ರಸ ಹಿಂಡಿ, ಚೆನ್ನಾಗಿ ನೊರೆ ಬಂದರೆ ಸತ್ತಿದೆ ಅಂತ ತಿಳಿಯಿರಿ. ಸುಣ್ಣಕ್ಕೆ ಶಕ್ತಿ ಇಲ್ಲದಿದ್ದರೆ ತುತ್ತದ ಹುಳಿ ಉಳಿಯುತ್ತದೆ, ದ್ರಾವಣ ಹಸಿರಾಗುತ್ತದೆ, ಎಳೆ ಕಾಯಿ ಸುಡುತ್ತದೆ. ಹೊಸ ಸುಣ್ಣದ ಕಲ್ಲು ತಂದು ನೀವೇ ಅರಳಿಸಿ. ಅಲ್ಲೂ ಕನ್ನಡಕ ಬಿಚ್ಚಬೇಡಿ. ಅರಳುವ ಸುಣ್ಣ ಕುದಿದು ಸಿಡಿಯುತ್ತದೆ, ಕಣ್ಣಿಗೆ ಅದು ತುತ್ತಕ್ಕಿಂತ ಕೆಟ್ಟದ್ದು. ಪೂರ್ತಿ ಆರಿದ ಮೇಲೆ ಸೋಸಿ.

ಗಟ್ಟಿ ಗಟ್ಟಿಯಾಗಿ ಬೆರೆಸಿದ್ದಕ್ಕೆ ತಳ ಕಟ್ಟಿದ್ದು. 50 ಲೀಟರಲ್ಲಿ ತುತ್ತ, 50 ಲೀಟರಲ್ಲಿ ಸುಣ್ಣ ಮಾಡಿಕೊಂಡು, ಸುಣ್ಣದ ನೀರಿಗೆ ತುತ್ತದ ನೀರನ್ನು ಸಣ್ಣಗೆ ಬಿಡುತ್ತಾ ಕಲಕಿ. ತಿರುಗಾಮುರುಗಾ ಮಾಡಬೇಡಿ. ಕೊನೆಗೆ ಚೆನ್ನಾಗಿ ಉಜ್ಜಿದ ಚಾಕು ಒಂದು ನಿಮಿಷ ಅದ್ದಿ. ತುದಿ ಕೆಂಪಾದರೆ ಇನ್ನಷ್ಟು ಸುಣ್ಣದ ನೀರು. ಕೆಂಪಾಗದಿದ್ದರೆ ಹೊಡೆಯಬಹುದು. ಅವತ್ತಿನದ್ದು ಅವತ್ತೇ ಮುಗಿಸಿ.

ಬಿಳಿಚಿದ್ದಕ್ಕೆ ಹೆದರಬೇಡಿ, ಇಂಥ ಹರಳನ್ನು ನುಣ್ಣಗೆ ಅರೆದರೆ ಬಣ್ಣ ತಿಳಿಯಾಗುತ್ತದೆ. ಸಮಾಧಾನ ಆಗದಿದ್ದರೆ ಚಿಟಿಕೆ ಪುಡಿ ನೀರಲ್ಲಿ ಕರಗಿಸಿ, ಹತ್ತಿರದ ಶಾಲೆಯ ಲ್ಯಾಬಿನಲ್ಲಿ ಅಮೋನಿಯಾ ಜಾಸ್ತಿ ಹಾಕಿಸಿ. ತಿಳಿಯಾದ ಕಡುನೀಲಿ ಬಂದರೆ ಸರಿ. ಕಂದು ಗಸಿ ಉಳಿದರೆ ಕಬ್ಬಿಣದ ಉಪ್ಪು ಬೆರೆಸಿದ್ದಾರೆ.

ಕೊಪ್ಪದ ಅಕ್ಕ:

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಮನೆ ಕಡೆಯದ್ದು ನಾನು ಸೇರಿಸುತ್ತೇನೆ. ತಮ್ಮಾ, ಉಳಿದ ಪೊಟ್ಟಣ ಎಲ್ಲಿಟ್ಟಿದ್ದೀಯಾ? ನಮ್ಮಲ್ಲಿ ಹಿಂದೆ ಅಟ್ಟದ ಮೇಲೆ ಉಪ್ಪಿನ ಡಬ್ಬದ ಪಕ್ಕ ಇರುತ್ತಿತ್ತು. ಈಗ ಕೊಟ್ಟಿಗೆಯಿಂದಲೂ ದೂರ, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಆ ನೀಲಿ ಮಕ್ಕಳನ್ನು ಕರೆಯುತ್ತದೆ. ಯಾರಾದರೂ ನುಂಗಿದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಓಡಿ. ಅದು ರಕ್ತವನ್ನೂ ಮೂತ್ರಪಿಂಡವನ್ನೂ ಹಾಳು ಮಾಡುತ್ತದೆ.

ಡ್ರಮ್ ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡ. ಮೀನಿಗೆ ಸ್ವಲ್ಪ ತಾಮ್ರವೂ ವಿಷ. ತೊಳೆದ ನೀರನ್ನೇ ಮುಂದಿನ ಡ್ರಮ್ಮಿಗೆ ಹಾಕಿಕೋ. ಖಾಲಿ ಪೊಟ್ಟಣವನ್ನು ಕತ್ತರಿಸಿಬಿಡು, ಇಲ್ಲದಿದ್ದರೆ ಯಾರೋ ಅದರಲ್ಲಿ ಬೀಜ ಕಟ್ಟಿಡುತ್ತಾರೆ. ಮತ್ತೆ ಡ್ರಮ್ಮಿನ ಪಕ್ಕ ಎರಡು ಕೊಡ ಒಳ್ಳೆ ನೀರು, ಒಂದು ಚೊಂಬು ಯಾವಾಗಲೂ ಇರಲಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು 15 ನಿಮಿಷ ಬಿಡದೆ ನೀರು ಹಾಕಬೇಕು. 15 ನಿಮಿಷ ಅಂದರೆ ಎರಡು ಕೊಡ ಸಾಲುವುದಿಲ್ಲ, ಇನ್ನೊಬ್ಬರು ಮನೆಗೆ ಓಡಿ ನೀರು ತರುತ್ತಿರಬೇಕು.

ತೋಟದಮನೆ:

ಇವತ್ತು ಮತ್ತೆ ಹೊಳವಿತ್ತು, ಮಾಡಿದೆವು. ರಾತ್ರಿ ಚೀಲ ಇಳಿಬಿಟ್ಟಿದ್ದೆ. ಟಾರ್ಚ್ ಹಾಕಿ ನೋಡಿದೆ ಮೇಷ್ಟ್ರೇ, ನೀವು ಹೇಳಿದ ಹಾಗೆ ನೀಲಿ ಎಳೆ ಎಳೆಯಾಗಿ ಇಳಿಯುತ್ತಿತ್ತು. ಒಂದು ಸೀನೂ ಬರಲಿಲ್ಲ. ಹಳೇ ಸುಣ್ಣಕ್ಕೆ ನಿಂಬೆ ಹಿಂಡಿದರೆ ಭುಸ್ ಅಂತು, ಹೊಸತು ತಂದೆ. ಚಾಕು ಮೊದಲ ಸಲ ತುದಿಯಲ್ಲಿ ಸ್ವಲ್ಪ ಕೆಂಪಾಯಿತು. ಅರ್ಧ ಬಕೆಟ್ ಸುಣ್ಣದ ನೀರು ಹಾಕಿದ ಮೇಲೆ ಬೆಳ್ಳಗೇ ಉಳಿಯಿತು. ಬಣ್ಣ ಆಕಾಶದ ನೀಲಿ. ನಾಝಲ್ ಕಟ್ಟಲಿಲ್ಲ.

ಅಣ್ಣನನ್ನು ಈ ವಾರ ಕೆಲಸಕ್ಕೆ ಕರೆದಿಲ್ಲ, ಕೂಲಿ ಕೊಟ್ಟಿದ್ದೇನೆ. ಮಸುಕು ಹೋಗಿದೆಯಂತೆ. ಸೋಮವಾರ ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಕನ್ನಡಕ ಮೂರು ತಂದಿದ್ದೇನೆ. ಕೊನೆಗೌಡರು ಮರದ ಮೇಲೆ ಬೆವರಿಗೆ ಮಂಜು ಕಟ್ಟುತ್ತದೆ ಅಂತಾರೆ. ಅದಕ್ಕೆ ಯಾರಾದರೂ ಉಪಾಯ ಕಂಡುಕೊಂಡಿದ್ದೀರಾ?

ಕೊಪ್ಪದ ಅಕ್ಕ:

ಗಾಜಿನ ಒಳಮೈಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪಿನ ನೀರು ಸವರಿ, ಬಟ್ಟೆಯಲ್ಲಿ ಒಣಗುವವರೆಗೆ ಒರೆಸಿ ಕೊಡು. ನಮ್ಮವರಿಗೆ ಒಂದು ಹೊತ್ತಿನ ಕೆಲಸಕ್ಕೆ ಸಾಕಾಗುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಮತ್ತೆ ಸವರಬೇಕು.