50 ಓಮ್ ಟ್ರೇಸ್‌ಗೆ ಫೀಲ್ಡ್ ಸಾಲ್ವರ್: ಬಳಸಿದವರು ಹೇಳಿ

ಹಿಂಜವಡಿಯಿಂದ ಪ್ರಶ್ನೆ:
ನಮಸ್ಕಾರ. ನಾನು ಧಾರವಾಡದವಳು, ಪುಣೆಗೆ ಬಂದು ಎರಡು ವರ್ಷವಾಯಿತು. 1.6 ಮಿ.ಮೀ. ದಪ್ಪದ ಎಫ್‌ಆರ್4 (ಗಾಜಿನ ನಾರು, ಎಪಾಕ್ಸಿಯ) ಸರ್ಕ್ಯೂಟ್ ಬೋರ್ಡಿನಲ್ಲಿ ಆಂಟೆನಾಗೆ 50 ಓಮ್ ಟ್ರೇಸ್, ಅಂದರೆ ತಾಮ್ರದ ಗೆರೆ, ಎಳೆಯಬೇಕು. ಈ ಓಮ್ ತಾಮ್ರದ ರೆಸಿಸ್ಟನ್ಸ್ ಅಲ್ಲ, ಇಂಪೀಡೆನ್ಸ್: ಗೆರೆಯಲ್ಲಿ ಸಾಗುವ ಸಿಗ್ನಲ್‌ನ ವೋಲ್ಟೇಜ್-ಕರೆಂಟ್ ಅನುಪಾತ. ಮೂರು ಕ್ಯಾಲ್ಕುಲೇಟರ್ ಮೂರು ಅಗಲ ಹೇಳುತ್ತಿವೆ. ಫೀಲ್ಡ್ ಸಾಲ್ವರ್‌ನಲ್ಲೇ (ಆಕಾರ ಬಿಡಿಸಿದರೆ ವಿದ್ಯುತ್ ಕ್ಷೇತ್ರ ಲೆಕ್ಕ ಹಾಕುವ ಸಾಫ್ಟ್‌ವೇರ್) ಲೆಕ್ಕ ಹಾಕೋಣ ಅಂತಿದ್ದೇನೆ. ನೀವೆಲ್ಲ ಎಲ್ಲಿಂದ ಶುರು ಮಾಡಿದಿರಿ?

ಕೋಥರೂಡ್‌ನಿಂದ:
ಒಳ್ಳೆ ಯೋಚನೆ ಮೇಡಂ. ನಾನು ಎಫ್‌ಇಎಂಎಂ ಅನ್ನುವ ಸಾಲ್ವರ್ ಬಳಸುತ್ತೇನೆ, ದುಡ್ಡು ಕೊಡಬೇಕಿಲ್ಲ. ಆದರೆ ಮೊದಲ ದಿನವೇ ನಿಮ್ಮ ಟ್ರೇಸ್ ಬಿಡಿಸಬೇಡಿ. ಉತ್ತರ ಗೊತ್ತಿರುವ ಆಕಾರ ಬಿಡಿಸಿ. ಎರಡು ವೃತ್ತ, ಮಧ್ಯೆ ಗಾಳಿ, ಹೊರಗಿನ ವ್ಯಾಸ ಒಳಗಿನದರ 2.3 ಪಟ್ಟು. ಅದು ಕೋಆಕ್ಸ್ (ಟಿವಿ ಕೇಬಲಿನಂತೆ ಒಂದರೊಳಗೊಂದು ಇರುವ ಎರಡು ವಾಹಕ), 50 ಓಮ್ ಬರಲೇಬೇಕು. ಬರದಿದ್ದರೆ ತಪ್ಪು ನಿಮ್ಮ ಸೆಟ್ಟಿಂಗ್‌ನಲ್ಲಿದೆ.

ಆಮೇಲೆ ಟ್ರೇಸ್. ಅದಕ್ಕೆ 1 ವೋಲ್ಟ್, ಗ್ರೌಂಡಿಗೆ 0 ಕೊಡಿ. ಒಂದು ಮೀಟರ್ ಉದ್ದಕ್ಕೆ ಕೂಡಿದ ಶಕ್ತಿಯ ಎರಡರಷ್ಟೇ ಕೆಪಾಸಿಟನ್ಸ್. ಈಗ ಎಫ್‌ಆರ್4 ತೆಗೆದು ಅಲ್ಲೂ ಗಾಳಿ ಹಾಕಿ, ಇನ್ನೊಮ್ಮೆ ಓಡಿಸಿ. ಈ ಎರಡನೇ ಸಲ ಯಾಕೆ ಅಂದರೆ, ಕಾಂತಕ್ಷೇತ್ರಕ್ಕೆ ಎಫ್‌ಆರ್4 ಇದ್ದರೂ ಒಂದೇ, ಗಾಳಿ ಇದ್ದರೂ ಒಂದೇ. ಹಾಗಾಗಿ ಇಂಡಕ್ಟನ್ಸ್ ಗಾಳಿಯ ಲೆಕ್ಕದಿಂದಲೇ ಸಿಗುತ್ತದೆ. ಎರಡು ಕೆಪಾಸಿಟನ್ಸ್ ಗುಣಿಸಿ ವರ್ಗಮೂಲ ತೆಗೆಯಿರಿ, ಬೆಳಕಿನ ವೇಗದಿಂದ ಗುಣಿಸಿ, 1ನ್ನು ಅದರಿಂದ ಭಾಗಿಸಿ. ಎಫ್‌ಆರ್4ರ ಪರ್ಮಿಟಿವಿಟಿ (ಗಾಳಿಗಿಂತ ಕೆಪಾಸಿಟನ್ಸ್ ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವ ಅಂಕಿ) 4.4 ಇಟ್ಟರೆ ಸುಮಾರು 3 ಮಿ.ಮೀ. ಅಗಲಕ್ಕೆ ಮೀಟರಿಗೆ ಎಫ್‌ಆರ್4 ಇದ್ದಾಗ 122, ಬರೀ ಗಾಳಿಯಲ್ಲಿ 36.5 ಪಿಕೋಫ್ಯಾರಡ್ ಆಸುಪಾಸು ಬರುತ್ತದೆ. ಅದು 50 ಓಮ್.

ನಾನು ಎಡವಿದ್ದು ಚಿತ್ರದ ಸುತ್ತ ಎಳೆಯುವ ಹೊರಗಿನ ಪೆಟ್ಟಿಗೆಯಲ್ಲಿ. 0 ವೋಲ್ಟಿನ ಗಡಿಯನ್ನು ಟ್ರೇಸ್‌ನಿಂದ ಬರೀ 2 ಮಿ.ಮೀ. ಮೇಲೆ ಇಟ್ಟಿದ್ದೆ. ಐದು ಓಮ್ ಕಮ್ಮಿ ಬಂತು. ಎರಡು ದಿನ ಮೆಶ್ (ಲೆಕ್ಕಕ್ಕಾಗಿ ಚಿತ್ರವನ್ನು ಒಡೆಯುವ ಸಣ್ಣ ತ್ರಿಕೋನಗಳ ಬಲೆ) ಮೇಲೆ ಅನುಮಾನಪಟ್ಟೆ. ಗಡಿಯನ್ನು ಬೋರ್ಡಿನ ದಪ್ಪದ ಹತ್ತು ಪಟ್ಟು ದೂರ ಸರಿಸಿದ ಮೇಲೆ ಸರಿಹೋಯಿತು. ಮೆಶ್ಶನ್ನು ಟ್ರೇಸ್ ಅಂಚುಗಳಲ್ಲಿ ಮಾತ್ರ ಸಣ್ಣದು ಮಾಡಿ. ಕ್ಷೇತ್ರ ಜೋರಾಗಿರುವುದು ಅಲ್ಲೇ.

ಭೋಸರಿಯಿಂದ:
ನಾನು ಬೋರ್ಡ್ ತಯಾರಿಸುವ ಕಡೆ ಇದ್ದೇನೆ. ನಿಮ್ಮದು ತಾಮ್ರದ ಎರಡು ಲೇಯರೋ ನಾಲ್ಕೋ? ನಾಲ್ಕಾದರೆ 1.6 ಅನ್ನುವುದು ಒಟ್ಟು ದಪ್ಪ. ಟ್ರೇಸ್ ಕೆಳಗಿನ ಗ್ರೌಂಡ್ 0.2 ಮಿ.ಮೀ. ದೂರದಲ್ಲೇ ಇರಬಹುದು. ಆಗ ಅಗಲ 3 ಅಲ್ಲ, ಸುಮಾರು 0.35 ಮಿ.ಮೀ. ಇಂಥ ಟ್ರೇಸ್ ಮೇಲಿನ ಹಸಿರು ಮಾಸ್ಕ್ (ತಾಮ್ರ ಮುಚ್ಚುವ ಲೇಪ) ಕೂಡ ಒಂದೆರಡು ಓಮ್ ಇಳಿಸುತ್ತದೆ, ಅದನ್ನೂ ಬಿಡಿಸಿ. ದಯವಿಟ್ಟು ಮೊದಲು ಬೋರ್ಡ್ ತಯಾರಕರಿಂದ ಸ್ಟ್ಯಾಕಪ್ (ಯಾವ ಪದರ ಎಷ್ಟು ದಪ್ಪ ಅನ್ನುವ ಪಟ್ಟಿ) ತರಿಸಿಕೊಳ್ಳಿ.

ಪಾಷಾಣ್‌ನಿಂದ:
ಒಂದು ಮಾತು ಸೇರಿಸುತ್ತೇನೆ. ಈ ಲೆಕ್ಕದಲ್ಲಿ ತಾಮ್ರದ ರೆಸಿಸ್ಟನ್ಸ್ ಬರುವುದಿಲ್ಲ. 1 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ಮೇಲ್ಮೈಯ 2 ಮೈಕ್ರಾನ್‌ನಲ್ಲೇ ಹೆಚ್ಚಾಗಿ ಹರಿಯುತ್ತದೆ, ತಾಮ್ರ 35 ಮೈಕ್ರಾನ್ ಇದ್ದರೂ. ಟ್ರೇಸ್ ಉದ್ದವಾಗಿದ್ದರೆ ನಷ್ಟವನ್ನು ಬೇರೆಯಾಗಿ ನೋಡಿ.

ಹಿಂಜವಡಿಯಿಂದ ಮತ್ತೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೋಆಕ್ಸ್ ಬಿಡಿಸಿದೆ, 49.8 ಬಂತು! ನನ್ನದು ನಾಲ್ಕು ಲೇಯರ್. ಸ್ಟ್ಯಾಕಪ್ ಕೇಳಿ ಈಗಷ್ಟೇ ಮೇಲ್ ಹಾಕಿದೆ.