ದೊಡ್ಡಪ್ಪ ಹಾಕಿದ ಒಂದು ಲಿಂಕು, ಭಾನುವಾರ ಪೂರ್ತಿ ಜಗಳ

(ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ನಡೆದದ್ದು. ಎಲ್ಲರನ್ನೂ ಕೇಳಿಯೇ ಹಾಕಿದ್ದೇನೆ. ನಡುವೆ ಬಂದ ಶುಭೋದಯದ ಹೂವುಗಳು, ನಾಮಕರಣದ ಫೋಟೊ, ಕಿರಣ ಸಿಟ್ಟಿನಲ್ಲಿ ಹಾಕಿ ಆಮೇಲೆ ಅಳಿಸಿದ ಮೆಸೇಜುಗಳು ಇಲ್ಲಿಲ್ಲ.)

ದೊಡ್ಡಪ್ಪ: [ಲಿಂಕ್] "ಸಾಯುತ್ತಿದ್ದ ಊರಿಗೆ ಜೀವ ಕೊಟ್ಟ ವಲಸಿಗರು: ಅಮೆರಿಕದ ಡೇಟನ್ ಕಥೆ." ಎಲ್ಲರೂ ತಪ್ಪದೆ ಓದಿ. ವಿದ್ಯಾ, ಇದು ನಿಮ್ಮ ಊರೇ ಅಲ್ವಾ? ಬೆಂಗಳೂರಿನವರು ಕಲಿಯಬೇಕಾದ್ದು ತುಂಬಾ ಇದೆ.

ಕಿರಣ: ದೊಡ್ಡಪ್ಪ, ಬೆಂಗಳೂರು ಎಲ್ಲರಿಗೂ ಬಾಗಿಲು ತೆಗೆದು ಕೂತು ಎಷ್ಟೋ ಕಾಲವಾಯಿತು. ಇನ್ನೂ ಏನು ಕಲಿಯಬೇಕು?

ವಿದ್ಯಾ ಅಕ್ಕ: ಇಲ್ಲಿ ಇನ್ನೂ ಶನಿವಾರ ರಾತ್ರಿ, ಮಲಗುವ ಮೊದಲು ಓದಿದೆ. ನಾವು ಇರುವುದು ಬೀವರ್‌ಕ್ರೀಕ್, ಓಹಾಯೊ ರಾಜ್ಯದ ಡೇಟನ್ ಪಕ್ಕ. ಲೇಖನ ಅರ್ಧ ಸರಿ. "ಜೀವ ಕೊಟ್ಟರು" ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. 1960ರಲ್ಲಿ ಡೇಟನ್‌ನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಇದ್ದರು. 2020ರ ಜನಗಣತಿಯಲ್ಲಿ 1,37,644. ವಲಸಿಗರು ಬಂದ ಮೇಲೂ ಕಡಿಮೆಯಾಗಿದೆ.

ಕಿರಣ: ನೋಡಿ! ಲೆಕ್ಕವೇ ಹೇಳುತ್ತಿದೆ.

ವಿದ್ಯಾ ಅಕ್ಕ: ತಾಳು ಮಾರಾಯ, ಮುಗಿಸಿಲ್ಲ. 2008ರ ಡಿಸೆಂಬರಿನಲ್ಲಿ ಪಕ್ಕದ ಮೊರೇನ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಮುಚ್ಚಿತು. ಮರುವರ್ಷ ಎನ್‌ಸಿಆರ್ ಕಂಪನಿ ಜಾರ್ಜಿಯಾಕ್ಕೆ ಹೊರಟಿತು. 1884ರಿಂದ ಡೇಟನ್‌ನಲ್ಲೇ ಇದ್ದ ಕಂಪನಿ ಅದು. ಬೀದಿಗೆ ಬೀದಿ ಖಾಲಿ ಮನೆ. ಅಂಥ ಸಮಯದಲ್ಲಿ ಊರಿನವರು "ಹೊರಗಿನವರು ನಮ್ಮ ಕೆಲಸ ಕಿತ್ತುಕೊಂಡರು" ಅನ್ನಬಹುದಿತ್ತು. 2011ರ ಅಕ್ಟೋಬರಿನಲ್ಲಿ ಅಲ್ಲಿನ ನಗರಸಭೆ ತದ್ವಿರುದ್ಧ ಮಾಡಿತು. "ವೆಲ್‌ಕಮ್ ಡೇಟನ್" ಅಂತ ಒಂದು ಯೋಜನೆಯನ್ನು ಸರ್ವಾನುಮತದಿಂದ ಒಪ್ಪಿತು.

ಸುಧಾ ಚಿಕ್ಕಮ್ಮ: ಯೋಜನೆ ಅಂದರೆ? ಬ್ಯಾನರ್, ದೀಪ ಬೆಳಗಿಸುವುದು, ಊರಿಗೊಂದು ಹಬ್ಬ? ನಾನು ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಇಂಥವು ಬೇಕಾದಷ್ಟು ನೋಡಿದ್ದೇನೆ.

ಪ್ರಸನ್ನ ಭಾವ: ಹಬ್ಬವೂ ಇತ್ತು ಚಿಕ್ಕಮ್ಮ, ಫುಟ್‌ಬಾಲ್ ಪಂದ್ಯವೂ ಇತ್ತು. ಅದು ನೆನಪಿನಲ್ಲಿ ಉಳಿದಿಲ್ಲ. ಕೆಲಸಕ್ಕೆ ಬಂದದ್ದು ಸಣ್ಣ ಸಣ್ಣ ಸಂಗತಿಗಳು. ದೂರು ಕೊಡಲು ಬಂದವರನ್ನು, ಸಾಕ್ಷಿ ಹೇಳುವವರನ್ನು ಪೊಲೀಸರು "ನಿನ್ನ ವೀಸಾ ತೋರಿಸು" ಅಂತ ಕೇಳುವುದು ನಿಂತಿತು. ಅಂಗಡಿ ಹಾಕುವವರಿಗೆ ಯಾವ ಕಚೇರಿ, ಯಾವ ಅರ್ಜಿ ಅಂತ ಹೇಳಿಕೊಡುವವರು ಬಂದರು. ಲೈಬ್ರರಿಯಲ್ಲಿ ಪುಕ್ಕಟೆ ಇಂಗ್ಲಿಷ್ ಕ್ಲಾಸು. ಇಷ್ಟೇ.

ವಿದ್ಯಾ ಅಕ್ಕ: "ಇಷ್ಟೇ" ಅಂತೀರಲ್ಲ! ನಾನು ಬಂದ ಹೊಸತರಲ್ಲಿ ನನಗೆ ಮನೆಯಿಂದ ಆಚೆ ಇದ್ದ ಒಂದೇ ಜಾಗ ಲೈಬ್ರರಿ. ಗಂಡನ ಕೆಲಸದ ವೀಸಾ ಜತೆ ಹೆಂಡತಿಗೆ ಸಿಗುವ ಎಚ್-4 ವೀಸಾ, ಕೆಲಸ ಮಾಡುವ ಹಾಗಿಲ್ಲ, ಗಾಡಿ ಓಡಿಸಲು ಬರುವುದಿಲ್ಲ, ಹೊರಗೆ ಹಿಮ. ಇಂಗ್ಲಿಷ್ ಬರುತ್ತಿತ್ತು, ಆದರೂ ಮಾತಾಡುವ ಕ್ಲಾಸಿಗೆ ಹೋಗಿ ಕೂರುತ್ತಿದ್ದೆ. ಪಕ್ಕದಲ್ಲಿ ಅಹಿಸ್ಕಾ ತುರ್ಕಿ ಹೆಂಗಸರು.

ದೊಡ್ಡಪ್ಪ: ಹಾ, ಲೇಖನದಲ್ಲಿ ಅವರ ಹೆಸರು ಇದೆ. ಯಾರಮ್ಮ ಅವರು?

ಪ್ರಸನ್ನ ಭಾವ: ದೊಡ್ಡ ಕಥೆ ದೊಡ್ಡಪ್ಪ. ಮೂಲ ಜಾರ್ಜಿಯಾ. ಅಮೆರಿಕದ್ದಲ್ಲ, ಆಗಿನ ಸೋವಿಯತ್ ಒಕ್ಕೂಟದ್ದು. 1944ರಲ್ಲಿ ಸ್ಟಾಲಿನ್ ಇಡೀ ಜನಾಂಗವನ್ನು ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಸಾಗಿಸಿದ. 1989ರಲ್ಲಿ ಉಜ್ಬೇಕಿಸ್ತಾನದ ಫರ್ಗಾನಾದಲ್ಲಿ ಅವರ ಮೇಲೆ ಗಲಭೆಯಾಯಿತು. ರಷ್ಯಾಕ್ಕೆ ಓಡಿದವರಿಗೆ ಕ್ರಾಸ್ನೊಡಾರ್‌ನಲ್ಲಿ ಪೌರತ್ವ ಕೊಡಲಿಲ್ಲ. 2004ರಿಂದ ಅಮೆರಿಕ ಅವರನ್ನು ನಿರಾಶ್ರಿತರಾಗಿ ಕರೆಸಿಕೊಂಡಿತು. ಬೇರೆ ಬೇರೆ ಊರಿಗೆ ಬಂದಿಳಿದವರಲ್ಲಿ ತುಂಬಾ ಜನ ಆಮೇಲೆ ತಾವಾಗಿ ಡೇಟನ್‌ಗೆ ಬಂದರು. ಯಾಕೆ ಹೇಳಿ?

ಸುಧಾ ಚಿಕ್ಕಮ್ಮ: ನೆಂಟರು ಇದ್ದರು.

ಪ್ರಸನ್ನ ಭಾವ: ಅದೂ ಹೌದು. ಇನ್ನೊಂದು, ಮನೆ ಅಗ್ಗ. ಓಲ್ಡ್ ನಾರ್ತ್ ಡೇಟನ್‌ನಲ್ಲಿ ಹಾಳು ಬಿದ್ದ ಮನೆ ಕೊಂಡು, ಅಣ್ಣ ತಮ್ಮಂದಿರು ಸೇರಿ ತಾವೇ ರಿಪೇರಿ ಮಾಡಿಕೊಂಡರು. ಲಾರಿ ವ್ಯವಹಾರ ಹಿಡಿದರು. ಆ ಬೀದಿಗಳಿಗೆ ಈಗ ಹೋದರೆ ಗೊತ್ತಾಗುತ್ತದೆ. ಊರು ಪೂರ್ತಿ ಎದ್ದು ಕೂತಿಲ್ಲ. ಆ ಬೀದಿಗಳು ಎದ್ದಿವೆ.

ಶ್ರೀಧರ ಮಾವ: ಬೆಳಗ್ಗೆಯಿಂದ ಸುಮ್ಮನಿದ್ದೆ. ಇಷ್ಟು ಚಂದದ ಕಥೆಯಲ್ಲಿ ಒಂದು ಊರು ಬಿಟ್ಟುಹೋಯಿತಲ್ಲ. ಸ್ಪ್ರಿಂಗ್‌ಫೀಲ್ಡ್! ನಿಮ್ಮಿಂದ ಮುಕ್ಕಾಲು ಗಂಟೆ ದಾರಿಯೂ ಇಲ್ಲ ಅಲ್ವಾ ಪ್ರಸನ್ನ?

(ಮಾವ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಸಾಲದ ಅರ್ಜಿಯಲ್ಲಿ ತಪ್ಪು ಹುಡುಕಿದ ಹಾಗೆಯೇ ವಾದದಲ್ಲೂ ಹುಡುಕುತ್ತಾರೆ. ಈ ಸಲ ಹಿಡಿದದ್ದು ಸರಿಯಾದ ಜಾಗವನ್ನೇ.)

ಪ್ರಸನ್ನ ಭಾವ: ಇಲ್ಲ ಮಾವ, ಅರ್ಧ ಗಂಟೆ ಸಾಕು.

ಶ್ರೀಧರ ಮಾವ: ನಾನೂ ಓದಿದ್ದೇನೆ. 58 ಸಾವಿರ ಜನರ ಊರು. ಕೆಲವೇ ವರ್ಷಗಳಲ್ಲಿ ಹೈಟಿಯವರು ಹನ್ನೆರಡು ಹದಿನೈದು ಸಾವಿರ ಬಂದರು. ಆಸ್ಪತ್ರೆಯಲ್ಲಿ ಸಾಲು, ಶಾಲೆಯಲ್ಲಿ ಸಾಲು, ಬಾಡಿಗೆ ಏರಿಕೆ. 2023ರ ಆಗಸ್ಟಿನಲ್ಲಿ ಸರಿಯಾದ ಲೈಸೆನ್ಸ್ ಇಲ್ಲದ ಒಬ್ಬ ವ್ಯಾನು ಓಡಿಸಿ, ಶಾಲಾ ಬಸ್ಸು ಮಗುಚಿ ಹನ್ನೊಂದು ವರ್ಷದ ಹುಡುಗ ಸತ್ತ. ಇದನ್ನೂ "ಸ್ವಾಗತ" ಅನ್ನೋಣವೇ? ಅಲ್ಲಿ ಮೊದಲಿಂದ ಇದ್ದವನ ಗತಿ ಏನು?

ಕಿರಣ: ಮಾವ ಹೇಳಿದ್ದಕ್ಕೆ ನೂರಕ್ಕೆ ನೂರು.

ವಿದ್ಯಾ ಅಕ್ಕ: ಮಾವ, ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ಕಾರಣ ನೋಡಿ. ಸ್ಪ್ರಿಂಗ್‌ಫೀಲ್ಡ್ ಕೂಡ ಒಂದು ಕಾಲಕ್ಕೆ 82 ಸಾವಿರ ಜನರ ಊರು, ಇಳಿದು ಇಳಿದು 58 ಆಯಿತು. ಆಮೇಲೆ ಕಾರ್ಖಾನೆಗಳು, ಗೋದಾಮುಗಳು ಬಂದವು. ಕೆಲಸಕ್ಕೆ ಜನ ಬೇಕಾಯಿತು. ಹೈಟಿಯವರು ಬಂದರು. ಹೆಚ್ಚಿನವರು ಟಿಪಿಎಸ್ ಅನ್ನುವ ತಾತ್ಕಾಲಿಕ ರಕ್ಷಣೆಯಲ್ಲಿ, ಕಾನೂನು ಪ್ರಕಾರವೇ ಇದ್ದವರು. ಕಾರ್ಖಾನೆ ಕರೆಯಿತು, ಊರು ಸಿದ್ಧವಾಗಿರಲಿಲ್ಲ. ಅಷ್ಟೇ ವ್ಯತ್ಯಾಸ.

ಶ್ರೀಧರ ಮಾವ: "ಅಷ್ಟೇ" ಅಲ್ಲಮ್ಮ. ಅದೇ ಎಲ್ಲ.

ವಿದ್ಯಾ ಅಕ್ಕ: ಒಪ್ಪಿದೆ. ಅದನ್ನೇ ನಾನೂ ಹೇಳುತ್ತಿರುವುದು. ನಾನು ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತೇನೆ. ಫೋನಿನಲ್ಲಿ ದುಭಾಷಿ ಹಾಕಿಕೊಂಡು ಮಾತಾಡಿದರೆ ಒಬ್ಬ ರೋಗಿಗೆ ಎರಡರಷ್ಟು ಹೊತ್ತು. ದುಭಾಷಿ ಕೊಡುವುದು ದಯೆ ಅಲ್ಲ, 1964ರ ನಾಗರಿಕ ಹಕ್ಕು ಕಾಯ್ದೆಯಿಂದ ಬಂದದ್ದು. ಸರ್ಕಾರಿ ದುಡ್ಡು ಪಡೆಯುವ ಆಸ್ಪತ್ರೆ ಕೊಡಲೇಬೇಕು. ಆದರೆ ಜನ ದಿಢೀರ್ ಅಂತ ಬಂದರೆ, ಕೌಂಟರು ಮೊದಲಿನಷ್ಟೇ ಇದ್ದರೆ, ಹಿಂದೆ ನಿಂತ ಹಳಬನಿಗೂ ತಡ. ಅವನಿಗೆ ಕಾಣುವುದು ಮುಂದೆ ನಿಂತ ಹೈಟಿಯವನು ಮಾತ್ರ. ತುಂಬದೆ ಬಿಟ್ಟ ಎರಡು ಹುದ್ದೆ ಕಾಣುವುದಿಲ್ಲ.

ಸುಧಾ ಚಿಕ್ಕಮ್ಮ: ಇದು ಸರಿ. ಪಡಿತರ ಚೀಟಿ ಸಾಲಿನಲ್ಲಿ ನಾನು ನೋಡಿದ್ದು ಇದೇ. ಕೆಲಸಗಾರರು ಕಡಿಮೆಯಾದ ದಿನ ಜಗಳ ಸಾಲಿನೊಳಗೇ ಶುರುವಾಗುತ್ತಿತ್ತು. ನಮ್ಮ ಮೇಲೆ ಯಾರೂ ಬರುತ್ತಿರಲಿಲ್ಲ.

ಪ್ರಸನ್ನ ಭಾವ: ಸ್ಪ್ರಿಂಗ್‌ಫೀಲ್ಡ್ ಆಡಳಿತ 2024ರ ಜುಲೈನಲ್ಲೇ ವಾಷಿಂಗ್ಟನ್‌ಗೆ ಕಾಗದ ಬರೆದಿತ್ತು, ಮನೆಗಳ ಕೊರತೆ ಇದೆ, ನೆರವು ಕೊಡಿ ಅಂತ. ನೆರವಿಗಿಂತ ಮೊದಲು ಸುದ್ದಿಗೆ ಬಂದದ್ದು ಗಾಳಿಮಾತು. ಸೆಪ್ಟೆಂಬರ್ 10ರ ಅಧ್ಯಕ್ಷ ಚುನಾವಣೆಯ ಚರ್ಚೆಯಲ್ಲಿ ಟ್ರಂಪ್ ಟಿವಿ ಮುಂದೆ, ಹೈಟಿಯವರು ಊರಿನವರ ನಾಯಿ ಬೆಕ್ಕು ತಿನ್ನುತ್ತಿದ್ದಾರೆ ಅಂದರು. ಅದಕ್ಕೆ ಆಧಾರವೇ ಇಲ್ಲ ಅಂತ ಅಲ್ಲಿನ ಆಡಳಿತವೇ ಹೇಳಿತು. ಆಮೇಲೆ ಶಾಲೆ, ಆಸ್ಪತ್ರೆಗಳಿಗೆ ಮೂವತ್ತಕ್ಕೂ ಹೆಚ್ಚು ಹುಸಿ ಬಾಂಬ್ ಬೆದರಿಕೆ. ಗವರ್ನರ್ ಡಿವೈನ್ ಟ್ರಂಪ್ ಪಕ್ಷದವರೇ. ಆದರೂ ಆ ಮಾತು ಸುಳ್ಳು ಅಂದರು, ಶಾಲೆಗಳಿಗೆ ಪೊಲೀಸರನ್ನು ಕಳಿಸಿದರು, ಆರೋಗ್ಯ ಸೇವೆಗೆ 25 ಲಕ್ಷ ಡಾಲರ್ ಕೊಟ್ಟರು. ಆ ದುಡ್ಡು ಎರಡು ವರ್ಷ ಮೊದಲು ಬಂದಿದ್ದರೆ?

ವಿದ್ಯಾ ಅಕ್ಕ: ಸತ್ತ ಹುಡುಗನ ಅಪ್ಪ ನಗರಸಭೆಯಲ್ಲಿ ಎದ್ದು ನಿಂತು, ನನ್ನ ಮಗನ ಹೆಸರನ್ನು ನಿಮ್ಮ ದ್ವೇಷಕ್ಕೆ ಬಳಸಬೇಡಿ ಅಂದರು ಮಾವ. ನೀವು ಬಸ್ಸಿನ ವಿಷಯ ಓದಿದ್ದೀರಿ, ಇದನ್ನೂ ಓದಿ.

ನಾನು: ಅಂದಹಾಗೆ, 2024ರ ಸೆಪ್ಟೆಂಬರಿನಲ್ಲಿ ಇದೇ ಗುಂಪಿಗೆ ಬೆಕ್ಕಿನ ವಿಡಿಯೊ ಹಾಕಿದವರು ಯಾರು? ಹುಡುಕಿದರೆ ಸಿಗುತ್ತದೆ.

ಶ್ರೀಧರ ಮಾವ: ನನಗೆ ಬೇರೆ ಗುಂಪಿನಿಂದ ಬಂದಿತ್ತು. ಬಂದದ್ದನ್ನು ಕಳಿಸಿದೆ.

ನಾನು: 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲೂ ಬಂದದ್ದನ್ನೇ ಕಳಿಸಿದ್ದರು ಮಾವ. ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಅನ್ನುವ ಎಸ್ಸೆಮ್ಮೆಸ್ಸು. ಸಾವಿರಾರು ಜನ ಬ್ಯಾಗು ಹಿಡಿದು ಸಿಟಿ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ಸು ಒಟ್ಟಿಗೆ ಕಳಿಸುವಂತಿಲ್ಲ ಅಂತ ಕೇಂದ್ರ ಸರ್ಕಾರ ಕೆಲ ದಿನ ತಡೆ ಹಾಕಿತು.

ಕಿರಣ: ಅದು ನಿಜ. ನಮ್ಮ ಏರಿಯಾದ ಸೆಕ್ಯುರಿಟಿಯವರು ರಾತ್ರೋರಾತ್ರಿ ಹೊರಟುಹೋಗಿದ್ದರು. ಆದರೆ ಈಗಿನ ಜಗಳ ಬೇರೆ. ಬಂದವರು ಹತ್ತು ವರ್ಷ ಇದ್ದರೂ ಒಂದು ಪದ ಕನ್ನಡ ಕಲಿಯುವುದಿಲ್ಲ. ಡೇಟನ್‌ನಲ್ಲಿ ಇಂಗ್ಲಿಷ್ ಕಲಿಯದೆ ಇರಲು ಆಗುತ್ತದಾ?

ವಿದ್ಯಾ ಅಕ್ಕ: ಆಗುವುದಿಲ್ಲ. ಅದಕ್ಕೇ ಅವರು ಕಲಿಸುತ್ತಾರೆ! ಸಂಜೆ ಹೊತ್ತು, ಕೆಲಸ ಮುಗಿದ ಮೇಲೆ, ಮಕ್ಕಳನ್ನು ಕರೆದುಕೊಂಡು ಹೋದರೂ ನಡೆಯುತ್ತದೆ. ನಿನ್ನ ಮನೆ ಹಿಂದಿನ ಕಟ್ಟಡದಲ್ಲಿ ಗಾರೆ ಕೆಲಸ ಮಾಡುವ ಒಡಿಶಾದವನು ಕನ್ನಡ ಕಲಿಯಬೇಕು ಅಂದರೆ ಸಂಜೆ ಏಳು ಗಂಟೆಗೆ ಎಲ್ಲಿಗೆ ಹೋಗಬೇಕು? ಜಾಗ ಹೇಳು.

ಕಿರಣ: ಅವನು ಕಲಿತಿದ್ದಾನೆ ಅಕ್ಕ. ಮೇಸ್ತ್ರಿ ಜತೆ ಕನ್ನಡದಲ್ಲೇ ಮಾತಾಡುತ್ತಾನೆ. ನಾನು ಹೇಳುತ್ತಿರುವುದು ನಮ್ಮ ಅಪಾರ್ಟ್‌ಮೆಂಟಿನವರ ಬಗ್ಗೆ. ನಾವು ಕ್ಲಬ್‌ಹೌಸಿನಲ್ಲಿ ಪುಕ್ಕಟೆ ಕ್ಲಾಸು ಇಟ್ಟೆವು. ಮೊದಲ ವಾರ ತುಂಬಾ ಜನ, ಕೊನೆಗೆ ಮೇಷ್ಟ್ರು ಮತ್ತು ಇಬ್ಬರು ಅಜ್ಜಿಯರು. ದುಡ್ಡಿದ್ದವನಿಗೆ ಕನ್ನಡ ಬೇಕಾಗುವುದೇ ಇಲ್ಲ. ಆ್ಯಪಿನಲ್ಲಿ ಒತ್ತಿದರೆ ಮನೆಗೆ ಬರುತ್ತದೆ. ಡೇಟನ್‌ನಲ್ಲಿ ಬಡವನಾಗಿ ಬಂದವನನ್ನು ಊರು ಸ್ವಾಗತಿಸಬೇಕು. ಇಲ್ಲಿ ದುಡ್ಡು ಹಿಡಿದು ಬಂದವನ ಮುಂದೆ ಊರೇ ಕೈಕಟ್ಟಿ ನಿಂತಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

(ಇದಕ್ಕೆ ಹತ್ತು ನಿಮಿಷ ಯಾರೂ ಉತ್ತರ ಹಾಕಲಿಲ್ಲ. ಕಿರಣ ಇಡೀ ದಿನದಲ್ಲಿ ಆಡಿದ ಒಳ್ಳೆಯ ಮಾತು ಇದೇ ಅಂತ ನನ್ನ ಲೆಕ್ಕ.)

ದೊಡ್ಡಪ್ಪ: ಅಂದರೆ ವಿದ್ಯಾ, ನಿಮಗೆ ಅಲ್ಲಿ ಎಲ್ಲ ಅನುಕೂಲ ಇದೆ ಅನ್ನು.

ವಿದ್ಯಾ ಅಕ್ಕ: ಎಲ್ಲಿ ದೊಡ್ಡಪ್ಪ! ನಾನು ದಾವಣಗೆರೆಯಲ್ಲಿ ಬಿಡಿಎಸ್ ಓದಿದವಳು. ಇಲ್ಲಿ ಹಲ್ಲು ನೋಡಬೇಕು ಅಂದರೆ ಮತ್ತೆ ಎರಡು ಮೂರು ವರ್ಷ ಕಾಲೇಜು, ಲಕ್ಷಗಟ್ಟಲೆ ಡಾಲರ್. ಎಚ್-4ನವರಿಗೆ ಕೆಲಸದ ಪರವಾನಗಿ ಸಿಗಲು ಶುರುವಾದದ್ದೇ 2015ರಲ್ಲಿ, ಅದೂ ಕೆಲವರಿಗೆ. ಹಾಗಾಗಿ ಬಿಲ್ಲಿಂಗ್ ಕೌಂಟರು. ಇನ್ನು ಗ್ರೀನ್ ಕಾರ್ಡು. ವರ್ಷದ ಕೋಟಾದಲ್ಲಿ ಯಾವ ದೇಶದವರಿಗೂ ಶೇ. 7ಕ್ಕಿಂತ ಹೆಚ್ಚು ಕೊಡುವಂತಿಲ್ಲ ಅಂತ ನಿಯಮ. ಭಾರತದವರ ಸಾಲು ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತು. ಊರು ಬಾ ಅಂದರೂ ದೇಶ ಬಾಗಿಲಲ್ಲೇ ನಿಲ್ಲಿಸುತ್ತದೆ. ಹೈಟಿಯವರಿಗೆ ಇನ್ನೂ ಕಷ್ಟ. ಅವರ ಟಿಪಿಎಸ್ ನಿಲ್ಲಿಸುತ್ತೇವೆ ಅಂತ 2025ರಲ್ಲಿ ವಾಷಿಂಗ್ಟನ್ ಹೇಳಿತು. ಅದರಲ್ಲಿ ಸ್ಪ್ರಿಂಗ್‌ಫೀಲ್ಡ್ ನಗರಸಭೆ ಏನೂ ಮಾಡುವ ಹಾಗಿಲ್ಲ.

ಶ್ರೀಧರ ಮಾವ: ಇನ್ನೊಂದು ಪ್ರಶ್ನೆ. ಓಟಿಲ್ಲದವನಿಗೆ ನಗರಸಭೆ ಯಾಕೆ ಖರ್ಚು ಮಾಡುತ್ತದೆ? ದಯೆ ಅಂತ ಮಾತ್ರ ಹೇಳಬೇಡಿ. ದುಡ್ಡು ಎಲ್ಲಿಂದ?

ಪ್ರಸನ್ನ ಭಾವ: ಬ್ಯಾಂಕಿನವರು ಕೇಳಬೇಕಾದ ಪ್ರಶ್ನೆ. ಓಹಾಯೊದಲ್ಲಿ ನಗರಗಳೇ ಸಂಬಳದ ಮೇಲೆ ತೆರಿಗೆ ಹಾಕುತ್ತವೆ ಮಾವ. ಡೇಟನ್‌ನಲ್ಲಿ ಶೇ. 2.5. ನನ್ನ ಆಫೀಸು ನಗರದೊಳಗೆ ಇದೆ. ಪ್ರತಿ ಸಂಬಳದಲ್ಲೂ ಹಿಡಿಯುತ್ತಾರೆ, ಪೌರತ್ವ ಕೇಳುವುದಿಲ್ಲ. ಕೆಲಸ ಮಾಡುವ ಒಬ್ಬ ಹೊಸಬ ಬಂದರೆ ನಗರದ ಬೊಕ್ಕಸಕ್ಕೆ ನೇರವಾಗಿ ಬರುತ್ತದೆ.

ಕಿರಣ: ಓಹೋ! ಇದನ್ನು ಬೆಳಗ್ಗೆಯೇ ಹೇಳಬಾರದಾ? ನಮ್ಮಲ್ಲಿ ಪಾಲಿಕೆಗೆ ಮುಖ್ಯ ಆದಾಯ ಆಸ್ತಿ ತೆರಿಗೆ. ಶೆಡ್ಡಿನಲ್ಲಿ ಮಲಗುವ ಒಡಿಶಾದವನಿಂದ ಪಾಲಿಕೆಗೆ ನೇರವಾಗಿ ಏನೂ ಬರುವುದಿಲ್ಲ. ಅವರ ಪಾಲಿಗೆ ಅವನು ಕಸ, ನೀರು, ಶೌಚಾಲಯದ ತಲೆನೋವು.

ಸುಧಾ ಚಿಕ್ಕಮ್ಮ: ಪೂರ್ತಿ ಹಾಗಲ್ಲ ಕಣೋ. ಕಟ್ಟಡದ ವೆಚ್ಚದ ಮೇಲೆ ಶೇ. 1 ಸೆಸ್ ಇದೆ, 1996ರ ಕಾನೂನು. ಕಾರ್ಮಿಕರ ಕಲ್ಯಾಣಕ್ಕೆ ಅಂತಲೇ.

ಕಿರಣ: ಅದು ಹೋಗುವುದು ರಾಜ್ಯದ ಕಲ್ಯಾಣ ಮಂಡಳಿಗೆ ಚಿಕ್ಕಮ್ಮ, ಪಾಲಿಕೆಗಲ್ಲ. ಶೆಡ್ಡು ಇರುವುದು ವಾರ್ಡಿನಲ್ಲಿ, ದುಡ್ಡು ಇರುವುದು ಮಂಡಳಿಯಲ್ಲಿ. ವಾರ್ಡಿನವನಿಗೆ ಆ ಶೆಡ್ಡಿನ ಕಡೆ ತಿರುಗಿ ನೋಡಲು ಏನು ಕಾರಣ ಇದೆ?

ಶ್ರೀಧರ ಮಾವ: ಈಗ ಸರಿಯಾದ ಜಾಗಕ್ಕೆ ಬಂದಿರಿ. ಆದರೆ ಪ್ರಸನ್ನ, ಶೇ. 2.5 ಕಟ್ಟುತ್ತೀಯ, ಓಟಿಲ್ಲ. ನಗರದ ಚುನಾವಣೆಯಲ್ಲಾದರೂ ಕೊಡಿ ಅಂತ ನೀವು ಯಾಕೆ ಕೇಳುವುದಿಲ್ಲ?

ಪ್ರಸನ್ನ ಭಾವ: ಒಂದು ಊರು ಕೊಡಲು ಹೊರಟಿತ್ತು ಮಾವ. ಯೆಲ್ಲೊ ಸ್ಪ್ರಿಂಗ್ಸ್, ನಮಗೂ ಸ್ಪ್ರಿಂಗ್‌ಫೀಲ್ಡಿಗೂ ನಡುವೆ ಇರುವ ಪುಟ್ಟ ಊರು. 2019ರಲ್ಲಿ ಊರಿನವರೇ ಮತ ಹಾಕಿ, ಪೌರರಲ್ಲದವರೂ ಸ್ಥಳೀಯ ಚುನಾವಣೆಯಲ್ಲಿ ಓಟು ಹಾಕಬಹುದು ಅಂತ ಒಪ್ಪಿದರು. ರಾಜ್ಯ ಬಿಡಲಿಲ್ಲ. 2022ರ ನವೆಂಬರಿನಲ್ಲಿ ಇಡೀ ಓಹಾಯೊದ ಜನರನ್ನು ಕೇಳಿ, ಅದು ಕೂಡದು ಅಂತ ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಮತ ಬಿತ್ತು.

ಶ್ರೀಧರ ಮಾವ: ಸರಿಯಾಗಿಯೇ ಮಾಡಿದ್ದಾರೆ. ಓಟು ಪೌರನಿಗೆ.

ವಿದ್ಯಾ ಅಕ್ಕ: ಹಾಗಾದರೆ ತೆರಿಗೆಯೂ ಪೌರನಿಗೇ ಇರಲಿ ಮಾವ.

ಶ್ರೀಧರ ಮಾವ: ಅದು ಬೇರೆ ವಿಷಯ.

ಕಿರಣ: ಬೇರೆ ಹೇಗೆ ಮಾವ? ಹೇಳಿ, ನಾವೆಲ್ಲ ಇಲ್ಲೇ ಇದ್ದೇವೆ.