ಸಹಾಯ ಬೇಕು: ‘ದರ ಖಂಡಿತ ಏರುತ್ತದೆ’ ಎಂಬ ಮಾತನ್ನು ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಮ್ಮದು ಅಡಿಕೆ ವ್ಯಾಪಾರ. ರಾಶಿ ಅಡಿಕೆಯನ್ನು ಈಗಲೇ ಮಾರಬೇಕೇ, ಎರಡು ತಿಂಗಳು ಗೋದಾಮಿನಲ್ಲಿ ಇಡಬೇಕೇ ಎಂಬುದು ಪ್ರತಿ ವರ್ಷದ ಪ್ರಶ್ನೆ. ಅಪ್ಪ “ದರ ಖಂಡಿತ ಏರುತ್ತದೆ” ಎನ್ನುತ್ತಾರೆ, ಚಿಕ್ಕಪ್ಪ “ಏರಲೂಬಹುದು” ಎನ್ನುತ್ತಾರೆ. ಇಬ್ಬರೂ ಅನುಭವಿಗಳೇ. ಆದರೆ ಸಾಲದ ಬಡ್ಡಿ ಲೆಕ್ಕ ಹಾಕುವ ನನಗೆ ಈ ಮಾತು ಸಂಖ್ಯೆಯಾಗಿ ಬೇಕು.

ನೇರವಾಗಿ ಕೇಳಿದರೆ ಅಪ್ಪ ನೂರಕ್ಕೆ ನೂರು ಎಂದುಬಿಡುತ್ತಾರೆ. ಹಾಗಾಗಿ ಹೀಗೆ ಕೇಳಿದೆ: “ಚೀಲದಲ್ಲಿ 10 ಗೋಲಿಗಳಿವೆ, 7 ಕೆಂಪು. ಕೆಂಪು ಗೋಲಿ ಬಂದರೆ ಸಾವಿರ ರೂಪಾಯಿ, ಅಥವಾ ದರ ಏರಿದರೆ ಸಾವಿರ. ಯಾವುದು ಬೇಕು?” (ಎರಡಕ್ಕೂ ಹಣ ಎರಡು ತಿಂಗಳ ಬಳಿಕವೇ. ಇಲ್ಲದಿದ್ದರೆ ಬೇಗ ಸಿಗುವ ಹಣದ ಕಡೆಗೆ ಮನಸ್ಸು ವಾಲುತ್ತದೆ.) ಕೆಂಪು ಗೋಲಿಗಳನ್ನು ಹೆಚ್ಚು ಕಡಿಮೆ ಮಾಡುತ್ತಾ ಹೋದಾಗ ಎರಡೂ ಸಮವೆನಿಸುವ ಜಾಗವೇ ಅವರ ನಂಬಿಕೆಯ ಅಳತೆ. ಅಪ್ಪ ಎಂಟು ಕೆಂಪು ಗೋಲಿಗಳಲ್ಲಿ, ಅಂದರೆ 0.8ರಲ್ಲಿ ನಿಂತರು! ನನಗೆ ನಿಜಕ್ಕೂ ಸಂತೋಷವಾಯಿತು.

ಫಲಿತಾಂಶ ತಾಳೆ ನೋಡಲು 1950ರಲ್ಲಿ ಹವಾಮಾನ ತಜ್ಞ ಗ್ಲೆನ್ ಬ್ರೈಯರ್ ಸೂಚಿಸಿದ ಅಂಕದ ಸರಳ ರೂಪವನ್ನು ಬಳಸುತ್ತಿದ್ದೇನೆ. ಹೇಳಿದ ಸಂಖ್ಯೆಗೂ ಫಲಿತಾಂಶಕ್ಕೂ (ನಡೆದರೆ 1, ಇಲ್ಲದಿದ್ದರೆ 0) ಇರುವ ಅಂತರದ ವರ್ಗವೇ ದಂಡ; ಅದು ಕಡಿಮೆಯಾದಷ್ಟೂ ಒಳ್ಳೆಯದು. 0.8 ಎಂದದ್ದು ನಡೆದರೆ ದಂಡ 0.04, ನಡೆಯದಿದ್ದರೆ 0.64.

ತೊಡಕಿರುವುದು ಇಲ್ಲಿ. ಇಂಥ ನಿರ್ಧಾರಗಳು ವರ್ಷಕ್ಕೆ ಐದಾರು ಮಾತ್ರ. ಅಷ್ಟರಿಂದ ಯಾರ ಅಂದಾಜು ನಂಬಬಹುದೆಂದು ತಿಳಿಯುವುದಿಲ್ಲ. ವಾರದ ದರದ ಮೇಲೆ ಅಭ್ಯಾಸ ಮಾಡಿಸಿದರೆ ಅದು ಎರಡು ತಿಂಗಳ ಅಂದಾಜಿಗೂ ಸಲ್ಲುತ್ತದೆಯೇ? ಅಪ್ಪ, ಚಿಕ್ಕಪ್ಪ ಇಬ್ಬರ ಸಂಖ್ಯೆಗಳ ಸರಾಸರಿ ತೆಗೆಯಬಹುದೇ? ಗೋದಾಮಿನಲ್ಲಿ ಸ್ವಂತ ಮಾಲು ಇರುವಾಗ ಆಸೆಯೂ ಅಂದಾಜಿನೊಳಗೆ ಬೆರೆಯುತ್ತದಲ್ಲ, ಅದನ್ನು ಬೇರ್ಪಡಿಸುವುದು ಹೇಗೆ?

ವ್ಯಾಪಾರದಲ್ಲಿ ಇದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಮುಂದಿನ ವಾರ ಮಾಲಿನ ಬಗ್ಗೆ ತೀರ್ಮಾನಿಸಬೇಕಿದೆ.